ನಾಲ್ಕನೇ ಅರ್ಘ್ಯ

(ಬೆಂಗಳೂರಿನ ಒಂದು ಸಣ್ಣ ಓದುಗರ ಕೂಟದಲ್ಲಿ ಆಡಿದ ಮಾತು. ಬರೆದುಕೊಡಿ ಎಂದು ಕೇಳಿದ್ದಕ್ಕೆ ಬರೆದಿದ್ದೇನೆ. ನಡುನಡುವೆ ಹಾದಿ ತಪ್ಪಿದ್ದನ್ನೂ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಾತಿಗೆ ನಾನು ಮೊದಲು ಕೊಟ್ಟ ಹೆಸರು ‘ಕೆಲಸಕ್ಕೆ ಹೋಗುವವರ ಧ್ಯಾನ, ಮಾಂತ್ರಿಕ ಸಾಧನೆ’. ಕರೆದವರು ಫೋನ್ ಮಾಡಿ, “ಮೇಡಂ, ಮಾಂತ್ರಿಕ ಅನ್ನೋದು ಬೇಡ, ಜನ ನಿಂಬೆಹಣ್ಣು ಹಿಡ್ಕೊಂಡು ಬರ್ತಾರೆ” ಎಂದರು. ಅವರ ಹೆದರಿಕೆಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಮಂತ್ರದ ಪಕ್ಕದಲ್ಲೇ ಮಾಟ ಕೂತಿರುತ್ತದೆ. ಮಾಟದ ಹೆಸರಲ್ಲಿ ನಡೆಯುವ ಕ್ರೌರ್ಯ ತಡೆಯಲು 2017ರಲ್ಲಿ ರಾಜ್ಯ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ನಾನು ಹೇಳಹೊರಟಿರುವುದು ಅದಲ್ಲ. ಮಂತ್ರ, ಮುದ್ರೆ, ದಿಕ್ಕು, ದೇವತೆಯ ಹೆಸರು, ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಚಿತ್ರ, ಇವನ್ನೆಲ್ಲ ಹಿಡಿದು ಪ್ರತಿದಿನ ಮನಸ್ಸನ್ನು ಬೇಕಾದ ಕಡೆ ತಿರುಗಿಸುವ ಅಭ್ಯಾಸ. ಯಾರಿಗೂ ಏನೂ ಮಾಡುವುದಲ್ಲ. ಮಾಡಿಕೊಳ್ಳುವುದು.

ನಮ್ಮಪ್ಪನಿಂದ ಶುರು ಮಾಡುತ್ತೇನೆ. ಅವರು ಮಲೆನಾಡಿನ ಅಂಚಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಆಗಿನ್ನೂ ಮೀಟರ್ ಗೇಜ್, ಒಂಟಿ ಲೈನು. ಸಂಜೆ ಎರಡು ಗಾಡಿಗಳಿಗೆ ನಮ್ಮಲ್ಲೇ ಕ್ರಾಸಿಂಗ್. ಸರಿಯಾಗಿ ಸಂಧ್ಯಾವಂದನೆಯ ಹೊತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಕಲ್ಲು. ಕಲ್ಲಿನ ಮೇಲೆ ನೀರಿನ ಪಂಚಪಾತ್ರೆ, ಅದರ ಚಮಚ ಉದ್ಧರಣೆ. ಎರಡೂ ಗಾಡಿ ಹೋದ ಮೇಲೆ ಅಪ್ಪ ಟೋಕನ್ನಿನ (ಒಂಟಿ ಲೈನಿನಲ್ಲಿ ಗಾಡಿ ಮುಂದೆ ಹೋಗಲು ಕೊಡುವ ಅನುಮತಿ) ಬಳೆಯನ್ನು ಒಳಗಿಟ್ಟು, ಯೂನಿಫಾರ್ಮಿನ ಅಂಗಿ ಬಿಚ್ಚಿ ಕೊಂಬೆಗೆ ನೇತುಹಾಕಿ, ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತಿದ್ದರು. ನಾನು ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದೆ. ಬೊಗಸೆಯಿಂದ ಮೂರು ಸಲ ನೀರು ಬಿಟ್ಟರೆ ಗಾಡಿ ಟೈಮಿಗೆ ಬಂದಿದೆ ಎಂದು ಅರ್ಥ. ನಾಲ್ಕು ಸಲ ಬಿಟ್ಟರೆ ಲೇಟು. ಅಮ್ಮ ಒಳಗಿಂದ “ಎಷ್ಟೇ?” ಎನ್ನುತ್ತಿದ್ದಳು. ನಾನು “ನಾಲ್ಕು” ಎಂದರೆ ಅನ್ನಕ್ಕೆ ಇಡುವುದನ್ನು ಸ್ವಲ್ಪ ತಡ ಮಾಡುತ್ತಿದ್ದಳು. ಲೇಟಾದ ದಿನ ಅಪ್ಪ ಒಳಗೆ ಬರುವುದೂ ಲೇಟು. ರಿಜಿಸ್ಟರಿನಲ್ಲಿ ಬರೆಯುವುದು ಜಾಸ್ತಿ ಇರುತ್ತಿತ್ತು.

ಆ ನಾಲ್ಕನೆಯದು ಏನು ಎಂದು ನನಗೆ ತುಂಬ ದಿನ ಗೊತ್ತಿರಲಿಲ್ಲ. ದಂಡ ಅಂದುಕೊಂಡಿದ್ದೆ. ಅದಕ್ಕೆ ಮತ್ತೆ ಬರುತ್ತೇನೆ.

ಅಣ್ಣನಿಗೆ ಉಪನಯನ ಆಯಿತು. ನನಗೆ ಆಗಲಿಲ್ಲ. ಹುಡುಗಿಯರಿಗೆ ಆಗುವುದಿಲ್ಲ, ಅಷ್ಟೇ. ಅಣ್ಣ ಕಾಲೇಜಿಗೆ ಹೋಗುವ ಹೊತ್ತಿಗೆ ಸಂಧ್ಯಾವಂದನೆ ಬಿಟ್ಟ. ನನಗೆ ಬಿಡಲು ಏನೂ ಇರಲಿಲ್ಲ. ಇದನ್ನು ದೂರಲು ಹೇಳುತ್ತಿಲ್ಲ. ನಾನು ಇಂಗ್ಲೆಂಡಿನ ಒಂದು ಪದ್ಧತಿಯ ಕಡೆ ಯಾಕೆ ಹೋದೆ ಎಂದು ನಿಮಗೆ ಗೊತ್ತಾಗಲಿ ಎಂದು ಹೇಳಿದೆ.

ಬೆಂಗಳೂರಿಗೆ ಬಂದ ಹೊಸದರಲ್ಲಿ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಒಂದು ದಪ್ಪ ಜೆರಾಕ್ಸ್ ಸಿಕ್ಕಿತು. ರಟ್ಟಿಲ್ಲ, ಮೊದಲ ಹತ್ತು ಪುಟವೂ ಇಲ್ಲ. ಅದು ‘ಗೋಲ್ಡನ್ ಡಾನ್’ ಎಂಬ ಗುಂಪಿನ ಸಾಧನಾಕ್ರಮ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗುಪ್ತ ಸಂಘ. ಕಟ್ಟಿದವರು ಮೂವರು: ವೆಸ್ಟ್‌ಕಾಟ್, ಮ್ಯಾಥರ್ಸ್, ವುಡ್‌ಮನ್. ಶುರುವಿನಿಂದಲೇ ಹೆಂಗಸರಿಗೂ ಸಮನಾದ ದೀಕ್ಷೆ. ಮೊದಲ ವರ್ಷವೇ ದೀಕ್ಷೆ ಪಡೆದವಳು ಮೊಯಿನಾ ಎಂಬ ಚಿತ್ರಕಲಾವಿದೆ. ಆಮೇಲೆ ಫ್ಲಾರೆನ್ಸ್ ಫಾರ್ ಎಂಬ ನಟಿ ಲಂಡನ್ನಿನ ಇಡೀ ಮಂದಿರವನ್ನೇ ನಡೆಸಿದಳು. ಕವಿ ಯೇಟ್ಸ್ 1890ರಲ್ಲಿ ಸೇರಿದ. ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದ ಹುಡುಗಿಗೆ ಇದನ್ನು ಓದಿದರೆ ಏನನ್ನಿಸಬಹುದು, ನೀವೇ ಹೇಳಿ.

ಇನ್ನೊಂದು ವಿಷಯವೂ ನನ್ನನ್ನು ಹಿಡಿದು ನಿಲ್ಲಿಸಿತು. ಇವರಲ್ಲಿ ಕಾಡಿಗೆ ಹೋದವರು ಕಡಿಮೆ, ಕೆಲಸಕ್ಕೆ ಹೋಗುತ್ತಿದ್ದವರು ಜಾಸ್ತಿ. ವೆಸ್ಟ್‌ಕಾಟ್ ಡಾಕ್ಟರು, ಕೊರೊನರ್ ಕೂಡ. ಎಂದರೆ ಅನುಮಾನದ ಸಾವುಗಳ ವಿಚಾರಣೆ ಮಾಡುವ ಸರ್ಕಾರಿ ಕೆಲಸ. ಹಗಲು ಹೆಣ, ಸಂಜೆ ದೇವದೂತರು. 1897ರಲ್ಲಿ ಮೇಲಿನವರಿಗೆ ವಿಷಯ ಗೊತ್ತಾಗಿ, ನೌಕರಿ ಉಳಿಸಿಕೊಳ್ಳಲು ಆತ ಸಂಘದಿಂದ ಹಿಂದೆ ಸರಿದ. ಅದಕ್ಕೇ ನಮ್ಮ ಆಫೀಸಿನಲ್ಲಿ ನಾನು ಇದನ್ನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ಗುಟ್ಟಾಗಿದ್ದ ಆ ವಿಧಿಗಳನ್ನು 1937ರಿಂದ 1940ರ ಒಳಗೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದವನು ಇಸ್ರೇಲ್ ರೆಗಾರ್ಡಿ. ಗುಟ್ಟು ಕಾಯುವ ಆಣೆ ಮುರಿದ ಎಂದು ಬೈದವರೂ ಇದ್ದಾರೆ. ಅವನು ಮುರಿಯದಿದ್ದರೆ ಅವೆನ್ಯೂ ರಸ್ತೆಗೆ ಆ ಜೆರಾಕ್ಸ್ ಬರುತ್ತಿರಲಿಲ್ಲ. ನಾನಂತೂ ಬೈಯುವುದಿಲ್ಲ.

ಈಗ ನನ್ನ ಸೋಲಿನ ಕಥೆ. ಆಗ ನನಗೆ 29. ಜೆರಾಕ್ಸ್ ನೋಡಿ ಒಂದು ಚಾರ್ಟ್ ಮಾಡಿದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು. ಅರ್ಧ ಗಂಟೆ ಅಲುಗಾಡದೆ ಕೂರುವುದು. ಪ್ರಾಣಾಯಾಮ. ಗಾಳಿಯಲ್ಲಿ ನಕ್ಷತ್ರ ಬರೆಯುವ ವಿಧಿ. ಸಂಜೆ ಏಳಕ್ಕೆ ಧ್ಯಾನ. ರಾತ್ರಿ ಡೈರಿ. ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಬೀರುವಿನ ಬಾಗಿಲ ಒಳಗಡೆ ಅಂಟಿಸಿ ದಿನಕ್ಕೊಂದು ಟಿಕ್ ಹಾಕುತ್ತಿದ್ದೆ. ಹತ್ತೊಂಬತ್ತು ಟಿಕ್ ಆಯಿತು. ಇಪ್ಪತ್ತನೇ ದಿನ ಮಗಳಿಗೆ ಜ್ವರ, ರಾತ್ರಿಯಿಡೀ ನಿದ್ದೆಯಿಲ್ಲ. ಒಂದು ಮನೆ ಖಾಲಿ ಉಳಿಯಿತು. ಮಾರನೇ ದಿನ ಬೀರು ತೆಗೆದರೆ ಆ ಖಾಲಿ ಮನೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣಿಸಿತು. ಎರಡು ದಿನದ ಬಾಕಿ ಸೇರಿಸಿ ಮಾಡೋಣ ಅಂದುಕೊಂಡೆ. ಮೂರು ದಿನದ್ದಾಯಿತು, ನಾಲ್ಕು ದಿನದ್ದಾಯಿತು. ನಾನು ಮತ್ತೆ ಕೂತದ್ದು ಹದಿನಾಲ್ಕು ತಿಂಗಳ ನಂತರ.

ಸಮಯ ಇರಲಿಲ್ಲವಾ? ನಿಜವಾಗಿ ಇತ್ತು. ಆ ಹದಿನಾಲ್ಕು ತಿಂಗಳಲ್ಲಿ ನಾನು ಎರಡು ಧಾರಾವಾಹಿ ಪೂರ್ತಿ ನೋಡಿದ್ದೇನೆ. ಇಲ್ಲದ್ದು ತಪ್ಪಿದ ದಿನವನ್ನು ಏನು ಮಾಡಬೇಕು ಎಂಬ ತಿಳಿವಳಿಕೆ.

ಆಮೇಲೆ ಫೋನಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡೆ. ಬಿಡದೆ ಎಷ್ಟು ದಿನ ಕೂತಿರಿ ಎಂದು ಅದು ಲೆಕ್ಕ ಇಡುತ್ತದೆ. ನಲವತ್ತೊಂದಕ್ಕೆ ಹೋಯಿತು. ನಲವತ್ತೆರಡನೇ ದಿನ ಮರೆತೆ, ಸೊನ್ನೆ ತೋರಿಸಿತು. ನಾನು ಲೆಕ್ಕಪತ್ರದ ಕೆಲಸದವಳು. ನಲವತ್ತೊಂದು ಜಮಾ ಇದ್ದ ಖಾತೆ ಒಂದು ದಿನದ ತಪ್ಪಿಗೆ ಸೊನ್ನೆಗೆ ಇಳಿಯುವುದು ಯಾವ ಊರಿನ ಲೆಕ್ಕ? ಆ್ಯಪ್ ತೆಗೆದುಹಾಕಿದೆ. ಅದರ ಜೊತೆ ಧ್ಯಾನವೂ ಹೋಯಿತು ಅನ್ನಿ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ, ಆ ನಾಲ್ಕನೇ ನೀರು ಏನು ಎಂದು. “ಅದಾ, ಕಾಲಾತೀತ ಪ್ರಾಯಶ್ಚಿತ್ತದ ಅರ್ಘ್ಯ” ಎಂದರು. ಹೊತ್ತು ಮೀರಿ ಮಾಡಿದರೆ ಒಂದು ಅರ್ಘ್ಯ ಜಾಸ್ತಿ ಕೊಡಬೇಕು. ಮಂತ್ರದ ಜೊತೆಗೇ ಅದನ್ನೂ ಕಲಿಸುತ್ತಾರೆ. “ಹತ್ತು ನಿಮಿಷ ಲೇಟಾದರೆ?” “ಒಂದು.” “ಎರಡು ಗಂಟೆ?” “ಅದಕ್ಕೂ ಒಂದೇ. ನಿನ್ನ ಹಾಗೆ ಬಡ್ಡಿ ಹಾಕಲ್ಲ.”

ನನಗೆ ಅಲ್ಲೇ ತಲೆಗೆ ಹೊಳೆಯಿತು. ಈ ವಿಧಿ ಮಾಡಿದವರಿಗೆ ಜನ ಲೇಟಾಗುತ್ತಾರೆ ಎಂದು ಮೊದಲೇ ಗೊತ್ತಿತ್ತು. ಲೇಟಾಗುವುದನ್ನು ವಿಧಿಯ ಒಳಗೇ ಸೇರಿಸಿದ್ದಾರೆ. ತಪ್ಪು ಮಾಡಿ ಹೊರಗೆ ಬಿದ್ದೆ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಒಂದು ಬೊಗಸೆ ನೀರು ಬಿಟ್ಟು ಒಳಗೇ ಇರಬಹುದು.

ಜಪಕ್ಕೂ ಹಾಗೇ ಇದೆ. ಗಾಯತ್ರಿ ಸಾವಿರ ಮಾಡಿದರೆ ಉತ್ತಮ, ನೂರು ಮಧ್ಯಮ, ಹತ್ತು ಕನಿಷ್ಠ ಎಂಬ ಮಾತಿದೆ. ಹತ್ತಕ್ಕಿಂತ ಕಡಿಮೆ ಬೇಡ ಎಂಬ ಈ ಕೆಳಮಿತಿಗೆ ದಶಾವರ ಎನ್ನುತ್ತಾರೆ. ಅಪ್ಪ ಸಾಮಾನ್ಯ ದಿನ ನೂರೆಂಟು ಮಾಡುತ್ತಿದ್ದರು. ಗೂಡ್ಸ್ ಗಾಡಿ ಸಿಗ್ನಲ್ಲಿಗೆ ಬಂದು ಕೂಗುತ್ತಿದ್ದರೆ ಹತ್ತು ಮಾಡಿ ಏಳುತ್ತಿದ್ದರು. ಹತ್ತಕ್ಕಿಂತ ಕಡಿಮೆ ಮಾಡಿದ್ದು ಕಂಡಿಲ್ಲ. ನನ್ನ ಚಾರ್ಟಿನಲ್ಲಿ ಸಾವಿರ ಮಾತ್ರ ಇತ್ತು, ಹತ್ತು ಇರಲಿಲ್ಲ.

ಹೋಲಿಕೆಗೆ ಇಂಗ್ಲೆಂಡಿನ ಅಲಿಸ್ಟರ್ ಕ್ರೌಲಿಯನ್ನು ನೋಡಿ. 1898ರಲ್ಲಿ ಗೋಲ್ಡನ್ ಡಾನ್ ಸೇರಿದವನು, 1901ರಲ್ಲಿ ಸಿಲೋನಿಗೆ ಬಂದು ಗೆಳೆಯನ ಜೊತೆ ಯೋಗಾಭ್ಯಾಸ ಮಾಡಿದವನು. ಮನುಷ್ಯ ಒಳ್ಳೆಯವನಲ್ಲ, ಆದರೆ ಕೆಲಸ ಬಲ್ಲವನು. ಮಾತಿನ ಮೇಲೆ ಹಿಡಿತ ಬರಲು ಅವನು ಒಂದು ಅಭ್ಯಾಸ ಹೇಳಿದ್ದಾನೆ. ‘ನಾನು’ ಎಂಬಂಥ ಒಂದು ಪದವನ್ನು ಇಷ್ಟು ದಿನ ಆಡುವುದಿಲ್ಲ ಎಂದು ನೇಮ ಹಿಡಿಯಬೇಕು. ತಪ್ಪಿ ಆಡಿದಾಗಲೆಲ್ಲ ಬ್ಲೇಡಿನಿಂದ ಕೈ ಗೀರಿಕೊಳ್ಳಬೇಕು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಆದರೆ ನಮ್ಮಲ್ಲಿ ತುಂಬ ಜನ ಮನಸ್ಸಿನಲ್ಲೇ ಈ ಬ್ಲೇಡು ಇಟ್ಟುಕೊಂಡಿರುತ್ತೇವೆ. ಒಂದು ದಿನ ತಪ್ಪಿದರೆ ‘ನಿನ್ನ ಕೈಲಿ ಏನಾಗತ್ತೆ’ ಎಂದು ಗೀರಿಕೊಳ್ಳುತ್ತೇವೆ. ಅಪ್ಪನ ಕೈಯಲ್ಲಿ ಇದ್ದದ್ದು ಒಂದು ಉದ್ಧರಣೆ. ಮೂವತ್ತೆಂಟು ವರ್ಷ ನಡೆದದ್ದು ಅದು.

ಈಗ ನಾನು ಏನು ಮಾಡುತ್ತೇನೆ ಎಂದು ತೋರಿಸುತ್ತೇನೆ. ನಮ್ಮದು ಬಾಡಿಗೆ ಮನೆ, ಬೇರೆ ಪೂಜಾಕೋಣೆ ಇಲ್ಲ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಅಡುಗೆಮನೆಯಲ್ಲಿ ಹಾಲಿಗಿಟ್ಟು, ಉರಿ ಸಣ್ಣದು ಮಾಡಿ, ಪೂರ್ವಕ್ಕೆ ನಿಲ್ಲುತ್ತೇನೆ. ಗೋಲ್ಡನ್ ಡಾನ್‌ನಲ್ಲಿ ಹೊಸಬರಿಗೆ ಮೊದಲು ಕೊಡುತ್ತಿದ್ದ ದಿನದ ವಿಧಿ ಇದು. ಹಣೆ, ಎದೆ, ಬಲ ಭುಜ, ಎಡ ಭುಜ ಮುಟ್ಟಿಕೊಂಡು ಹೀಬ್ರೂ ಮಾತು ಹೇಳುವುದು. ಆಮೇಲೆ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರಕ್ಕೆ ತಿರುಗುತ್ತ ಗಾಳಿಯಲ್ಲಿ ಐದು ಮೂಲೆಯ ನಕ್ಷತ್ರ ಬರೆದು, ಒಂದೊಂದು ದಿಕ್ಕಿಗೆ ಒಂದೊಂದು ದೇವರ ಹೆಸರು ಹೇಳುವುದು. ಮತ್ತೆ ಪೂರ್ವಕ್ಕೆ ಬಂದು ಕೈ ಚಾಚಿ ನಿಂತು, ನಾಲ್ಕು ಕಡೆ ನಾಲ್ಕು ದೇವದೂತರನ್ನು ಕಾಣುವುದು. ಮುಂದೆ ರಾಫೇಲ್, ಅವನದು ಗಾಳಿ. ಹಿಂದೆ ಗೇಬ್ರಿಯಲ್, ನೀರು. ಬಲಕ್ಕೆ ಮೈಕೇಲ್, ಬೆಂಕಿ. ಎಡಕ್ಕೆ ಊರಿಯಲ್, ಭೂಮಿ. ಕೊನೆಗೆ ಮತ್ತೆ ಮೈ ಮುಟ್ಟಿಕೊಂಡು ಮುಗಿಸುವುದು.

ನಮ್ಮ ಅಡುಗೆಮನೆಯಲ್ಲಿ ಪೂರ್ವಕ್ಕೆ ಕಿಟಕಿ. ಬೆನ್ನ ಹಿಂದೆ ಸಿಂಕ್. ಎಡಕ್ಕೆ ಅಕ್ಕಿ ಡಬ್ಬ, ಆಲೂಗಡ್ಡೆ ಬುಟ್ಟಿ. ಬಲಕ್ಕೆ ಗ್ಯಾಸ್ ಒಲೆ. ವಾಸ್ತುವಿನವರು ಒಲೆ ಆಗ್ನೇಯಕ್ಕೆ ಇರಬೇಕಿತ್ತು ಎಂದು ತಲೆ ಅಲ್ಲಾಡಿಸಿ ಹೋದರು. ಮೈಕೇಲ್ ಮಾತ್ರ ಏನೂ ಅನ್ನಲಿಲ್ಲ. ಲಂಡನ್ನಿನವರು ಹಾಕಿದ ನಕ್ಷೆ ನಮ್ಮ ಬಾಡಿಗೆ ಅಡುಗೆಮನೆಗೆ ಇಷ್ಟು ಸರಿಯಾಗಿ ಕೂತಿತಲ್ಲ ಎಂದು ನನಗೆ ಇವತ್ತಿಗೂ ನಗು ಬರುತ್ತದೆ.

ಸಹಸ್ರನಾಮ ಹೇಳುವವರಿಗೆ ಇದೇನು ಹೊಸದಲ್ಲ. ಅಂಗನ್ಯಾಸ ಮಾಡಿ, ಎಂದರೆ ಮಂತ್ರ ಹೇಳುತ್ತ ಮೈ ಮುಟ್ಟಿಕೊಂಡು, ‘ಭೂರ್ಭುವಸ್ಸುವರೋಮಿತಿ ದಿಗ್ಬಂಧಃ’ ಎಂದು ತಲೆಯ ಸುತ್ತ ಚಿಟಿಕೆ ಹೊಡೆಯುತ್ತೀರಲ್ಲ, ಇದು ಅದೇ ಜಾತಿಯದು. ನ್ಯಾಸ, ದಿಕ್ಕು ಕಟ್ಟುವುದು, ಒಳಗೆ ಕೂರುವುದು. ಹೆಸರು ಮಾತ್ರ ಬೇರೆ.

ಅವರ ಕ್ರಮದಲ್ಲಿ ಹೆಸರುಗಳನ್ನು ಮೈ ಝೇಂಕರಿಸುವ ಹಾಗೆ ಎಳೆದು ಹೇಳಬೇಕು. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಐದೂ ಮುಕ್ಕಾಲಿಗೆ ಹಾಗೆ ಹೇಳಿ ನೋಡಿ. ನಾನು ಹೇಳಿದೆ. ಕೆಳಗಿನ ಮನೆಯವರು ಮಿಕ್ಸಿ ಕೆಟ್ಟಿದೆಯಾ ಎಂದು ಕೇಳಿದರು. ಅಲ್ಲೂ ನಮ್ಮ ಜಪದ ಲೆಕ್ಕ ಕೈಹಿಡಿಯಿತು. ಗಟ್ಟಿಯಾಗಿ ಹೇಳುವುದು ವಾಚಿಕ, ತುಟಿ ಮಾತ್ರ ಆಡಿಸುವುದು ಉಪಾಂಶು, ಮನಸ್ಸಿನಲ್ಲೇ ಹೇಳುವುದು ಮಾನಸ. ಮೊದಲನೆಯದಕ್ಕಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಹೆಚ್ಚು ಎನ್ನುತ್ತಾರೆ. ನನಗಂತೂ ಉಪಾಂಶುವೇ ಸರಿ. ಮಾನಸದಲ್ಲಿ ನಡುವೆ ತಿಂಡಿಯ ಯೋಚನೆ ಬಂದುಬಿಡುತ್ತದೆ.

ಇದಕ್ಕೆ ಐದು ನಿಮಿಷ. ಆಮೇಲೆ ಮಣೆ ಹಾಕಿಕೊಂಡು ಹತ್ತು ಉಸಿರು ಎಣಿಸುವುದು. ಡೈರಿಗೆ ಒಂದು ಸಾಲು. ಒಟ್ಟು ಏಳು ನಿಮಿಷ. ಇದು ನನ್ನ ದಶಾವರ. ಬಿಡುವಿದ್ದ ದಿನ ನಲವತ್ತು ನಿಮಿಷಕ್ಕೆ ಹೋಗುತ್ತದೆ. ಏಳಕ್ಕಿಂತ ಕೆಳಗೆ ಇಳಿಸುವುದಿಲ್ಲ. ತಪ್ಪಿದರೆ ಮತ್ತೆ ಕೂತ ದಿನ ಹತ್ತು ಉಸಿರು ಜಾಸ್ತಿ. ಒಂದು ದಿನ ತಪ್ಪಿದರೂ ಹತ್ತು, ಎಂಟು ದಿನ ತಪ್ಪಿದರೂ ಹತ್ತು. ಬಾಕಿಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಲೆಕ್ಕಪತ್ರದವಳ ಬಾಯಲ್ಲಿ ಈ ಮಾತು ಬರಲು ವರ್ಷಗಳೇ ಬೇಕಾದವು.

ಡೈರಿ ಅಂದರೆ ದೊಡ್ಡ ಅನುಭವದ ಪುಸ್ತಕ ಎಂದುಕೊಳ್ಳಬೇಡಿ. ನಾಲ್ಕು ಸಾಲು ಓದುತ್ತೇನೆ.

“ಮಾರ್ಚ್ 28. ಬೆಳಿಗ್ಗೆ 5:50. ಮೂರು ನಕ್ಷತ್ರ ಆಯಿತು, ನಾಲ್ಕನೆಯದಕ್ಕೆ ಹಾಲು ಉಕ್ಕಿತು.”
“ಮಾರ್ಚ್ 31. ಇಲ್ಲ.”
“ಏಪ್ರಿಲ್ 1. ಇಲ್ಲ.”
“ಏಪ್ರಿಲ್ 2. ಹತ್ತು ಜಾಸ್ತಿ. ಕೂತೆ. ಕತ್ತು ನೋವು.”

ಮಾರ್ಚ್ 31 ನಮ್ಮ ಕಸುಬಿನವರಿಗೆ ಏನು ದಿನ ಎಂದು ನಿಮಗೆ ಗೊತ್ತು. ‘ಇಲ್ಲ’ ಎಂದು ಬರೆಯುವುದನ್ನು ಕಲಿಯುವುದೇ ಕಷ್ಟ. ಖಾಲಿ ಬಿಡುವುದು ಸುಲಭ. ಖಾಲಿ ಬಿಟ್ಟರೆ ಪುಟ ಸುಮ್ನೆ ದಿಟ್ಟಿಸಿ ನೋಡುತ್ತದೆ. ‘ಇಲ್ಲ’ ಎಂದು ಬರೆದರೆ ಅಲ್ಲಿಗೆ ಆ ದಿನ ಮುಗಿಯಿತು. ಕ್ರೌಲಿ ಇದರಲ್ಲಿ ಮಾತ್ರ ಒಳ್ಳೆಯ ಗುರು. 1908ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅವನು ಸುಮಾರು ಹನ್ನೆರಡು ದಿನ ಒಂದು ಸಾಧನೆ ಹಿಡಿದ. ಗುಹೆಯಲ್ಲಲ್ಲ. ಹೋಟೆಲು, ಕೆಫೆ, ಗೆಳೆಯರ ನಡುವೆಯೇ. ತಿಂದದ್ದು, ಕುಡಿದದ್ದು, ಬೇಜಾರಾದದ್ದು ಎಲ್ಲ ಗಂಟೆಗಂಟೆಗೆ ಬರೆದಿಟ್ಟು, ಮುಂದಿನ ವರ್ಷ ಅಚ್ಚು ಹಾಕಿಸಿದ. ಊರ ನಡುವೆ ಇದ್ದುಕೊಂಡೇ ಮಾಡಬಹುದು ಎಂದು ತೋರಿಸುವುದು ಅವನ ಹಟ. ಅವನಿಗೆ ಅಪ್ಪನ ಆಸ್ತಿ ಇತ್ತು, ಬೆಳಿಗ್ಗೆ ಡಬ್ಬಿ ಕಟ್ಟಬೇಕಿರಲಿಲ್ಲ. ಅದನ್ನೂ ನೆನಪಿಟ್ಟುಕೊಂಡು ಓದಬೇಕು.

ಮೂರು ತಿಂಗಳ ಡೈರಿ ಕೂಡಿ ನೋಡಿದಾಗ ಒಂದು ಗೊತ್ತಾಯಿತು. ಸಂಜೆ ಏಳಕ್ಕೆ ಕೂರುವ ನೇಮ ನಡೆದದ್ದು ಬರೀ ಹನ್ನೊಂದು ಸಲ. ಆ ಹೊತ್ತು ನಮ್ಮ ಮನೆಯಲ್ಲಿ ಯಾರದ್ದೂ ಅಲ್ಲ. ಹೋಂವರ್ಕ್, ಕುಕ್ಕರ್, ಊರಿಂದ ಫೋನು. ಅಲ್ಲಿಂದ ಅದನ್ನು ಎತ್ತಿ ಮೆಟ್ರೋಗೆ ಹಾಕಿದೆ.

ಕ್ರೌಲಿಯದೇ ಒಂದು ಸೂರ್ಯನ ವಂದನೆ ಇದೆ, ದಿನಕ್ಕೆ ನಾಲ್ಕು ಸಲ. ಬೆಳಿಗ್ಗೆ ಪೂರ್ವಕ್ಕೆ ರಾ, ಮಧ್ಯಾಹ್ನ ದಕ್ಷಿಣಕ್ಕೆ ಹಾಥೋರ್, ಸಂಜೆ ಪಶ್ಚಿಮಕ್ಕೆ ತುಮ್, ನಡುರಾತ್ರಿ ಉತ್ತರಕ್ಕೆ ಖೆಪ್ರಾ. ಎಲ್ಲ ಈಜಿಪ್ಟಿನ ದೇವತೆಗಳು. ಒಂದೊಂದಕ್ಕೆ ಒಂದು ನಿಮಿಷ ಸಾಕು. ಓದಿದ ತಕ್ಷಣ ನನಗೆ ಹೊಂಗೆ ಮರದ ಕೆಳಗಿನ ಅಪ್ಪ ನೆನಪಾದರು. ಮಧ್ಯಾಹ್ನದ್ದನ್ನು ಆಫೀಸಿನ ವಾಟರ್ ಫಿಲ್ಟರ್ ಹತ್ತಿರ ಮಾಡುತ್ತೇನೆ. ಅದು ದಕ್ಷಿಣದ ಗೋಡೆಗೆ ಇದೆ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ನಡುರಾತ್ರಿಯದು ನನ್ನಿಂದಾಗದು. ಮಲಗುವ ಮುಂಚೆ ಹೇಳಿ ಮಲಗುತ್ತೇನೆ, ಖೆಪ್ರಾ ಕ್ಷಮಿಸಲಿ. ಸಂಜೆಯದು ಹಸಿರು ಲೈನಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ತನಕ ನೆಲದ ಕೆಳಗೆ, ಸೂರ್ಯ ಇಲ್ಲ. ಮಾರ್ಕೆಟ್ ದಾಟಿದ ಮೇಲೆ ಗಾಡಿ ಮೇಲಕ್ಕೆ ಏರುತ್ತದೆ. ನ್ಯಾಷನಲ್ ಕಾಲೇಜು ಬರುವ ಹೊತ್ತಿಗೆ ಬಲಗಡೆ ಕಿಟಕಿಯಲ್ಲಿ ಒಮ್ಮೆಲೇ ಬಿಸಿಲು ಬೀಳುತ್ತದೆ. ಎಲ್ಲರ ಮುಖದ ಮೇಲೂ, ಫೋನು ನೋಡುತ್ತಿರುವವರ ಮೇಲೂ. ಅದೇ ನನ್ನ ತುಮ್. ಕೈ ಎತ್ತುವ ಹಾಗಿಲ್ಲ, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಡಬ್ಬಿ ಚೀಲ. ತುಟಿಯಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ಬಿಸಿಲು ಬರುವುದಿಲ್ಲ, ಆದರೂ ಗಾಡಿ ಮೇಲೆ ಬಂದಾಗ ತುಟಿ ತಾನಾಗಿ ಆಡುತ್ತದೆ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡು ಮೂರು ಇಲ್ಲಿ ಹಾಕುತ್ತೇನೆ.

ಒಬ್ಬರು ಕೇಳಿದರು: ತಿಂಗಳಲ್ಲಿ ಹದಿನೈದು ದಿನ ಟೂರು, ಲಾಡ್ಜಿನಲ್ಲಿ ದಿಕ್ಕೇ ಗೊತ್ತಾಗುವುದಿಲ್ಲ, ಏನು ಮಾಡಲಿ? ನನ್ನ ಪಕ್ಕದ ಟೇಬಲ್ಲಿನ ಸಹೋದ್ಯೋಗಿಯ ಕಥೆ ಹೇಳಿದೆ. ಆಕೆ ಲಿಂಗಾಯತರು. ಆಡಿಟ್‌ಗೆ ಎಂದು ನಾವಿಬ್ಬರೂ ಒಂದೇ ರೂಮಿನಲ್ಲಿ ಉಳಿದಿದ್ದೆವು. ನಾನು ಫೋನಿನಲ್ಲಿ ದಿಕ್ಸೂಚಿ ಹುಡುಕುತ್ತಿದ್ದೆ. ಆಕೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಕಣ್ಣು ನೆಟ್ಟು ಕೂತರು. ಮಂಚದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ. ನನಗೆ ಉತ್ತರ ಯಾವುದು ಎಂದು ಗೊತ್ತಾಗುವ ಹೊತ್ತಿಗೆ ಅವರದು ಮುಗಿದಿತ್ತು. ಹನ್ನೆರಡನೇ ಶತಮಾನದ ಶರಣರಲ್ಲಿ ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ದನ ಕಾಯುವವರು ಇದ್ದರು. ಗುಡಿ ಮೈಮೇಲೇ ಇರಬೇಕು ಎಂದು ಅವರಿಗೆ ಯಾಕೆ ಅನ್ನಿಸಿತು ಎಂದು ಲಾಡ್ಜಿನ ರೂಮಿನಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಬ್ಬರದು: ಒಬ್ಬಳೇ ಮಾಡಿದರೆ ಬಿಟ್ಟುಹೋಗುತ್ತದೆ, ಗುಂಪು ಸೇರಲು ಸಮಯವಿಲ್ಲ. ಇದಕ್ಕೆ ಲಂಡನ್ನಿನಲ್ಲಿ ಇಂಥದ್ದೇ ಸಾಧನೆಯ ಗುಂಪು ನಡೆಸುತ್ತಿದ್ದ ಡಯಾನ್ ಫಾರ್ಚೂನ್ ಎಂಬಾಕೆ ಮಾಡಿದ್ದು ನನಗಿಷ್ಟ. 1939ರಲ್ಲಿ ಯುದ್ಧ ಶುರುವಾದಾಗ ಆಕೆಯ ಗುಂಪಿನವರು ಒಂದೆಡೆ ಸೇರುವುದು ಕಷ್ಟವಾಯಿತು. ಅಕ್ಟೋಬರಿನಿಂದ ಆಕೆ ವಾರವಾರ ಕಾಗದ ಬರೆದಳು. ಈ ವಾರ ಯಾವುದನ್ನು ಧ್ಯಾನಿಸಬೇಕು ಎಂದು. ಭಾನುವಾರ ಎಲ್ಲರೂ ತಂತಮ್ಮ ಮನೆಯಲ್ಲೇ ಒಂದೇ ಹೊತ್ತಿಗೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಬಾಂಬ್ ದಾಳಿಯಲ್ಲಿ ಆಕೆಯ ಮನೆಯೂ ಜಖಂ ಆಯಿತು. ಕಾಗದ ನಿಲ್ಲಲಿಲ್ಲ. ನಿಮಗೆ ಕಾಗದವೂ ಬೇಡ, ಇನ್ನೊಬ್ಬರಿಗೆ ಬೆಳಿಗ್ಗೆ ‘ಕೂತೆ’ ಅಥವಾ ‘ಇಲ್ಲ’ ಎಂದು ಒಂದು ಮೆಸೇಜ್ ಹಾಕಿ ಸಾಕು. ನಾನೂ ಇನ್ನೊಬ್ಬರೂ ಹಾಗೆ ಮಾಡುತ್ತಿದ್ದೇವೆ. ‘ಇಲ್ಲ’ ಬಂದರೆ ಯಾಕೆ ಎಂದು ಕೇಳುವ ಹಾಗಿಲ್ಲ, ಅದೊಂದೇ ಕರಾರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, “ಇದೆಲ್ಲ ಕೆಲಸಕ್ಕೆ ಹೋಗೋರ ಪಾಡು. ರಿಟೈರ್ ಆದ ಮೇಲೆ ಆರಾಮಾಗಿ ಮಾಡಬಹುದಲ್ವಾ?” ಎಂದರು.

ಅಪ್ಪ ರಿಟೈರ್ ಆದ ಮೇಲೆ ಊರಲ್ಲಿ ಮನೆ ಕಟ್ಟಿಸಿಕೊಂಡರು. ಗಾಡಿ ಇಲ್ಲ, ಟೋಕನ್ ಇಲ್ಲ, ಸಂಜೆಯೆಲ್ಲ ಅವರದೇ. ಐದಕ್ಕೆ ಕಾಫಿ ಕುಡಿದು ಪೇಪರ್ ಹಿಡಿಯುತ್ತಾರೆ. ಯಾರಾದರೂ ಗೇಟಿನ ಹತ್ತಿರ ಮಾತಿಗೆ ಸಿಗುತ್ತಾರೆ. ಹಿತ್ತಲಿನ ತುಳಸಿ ಕಟ್ಟೆಯ ಹತ್ತಿರ ಹೋಗುವಷ್ಟರಲ್ಲಿ ಪೂರ್ತಿ ಕತ್ತಲು. ಹೋದ ಸಲ ಹೋಗಿದ್ದಾಗ ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಅಮ್ಮ ಒಳಗಿಂದಲೇ ಕೂಗಿ ಕೇಳಿದಳು: “ಇವತ್ತು ಯಾವ ಗಾಡಿಯಂತೆ ಲೇಟು?”